ಹಳೆಯ ಮಸಲ್ ಕಾರಿಗೆ ಯಾವ ಬುಶ್? ರಬ್ಬರ್, ಪಾಲಿ, ಡೆಲ್ರಿನ್, ಸ್ಫೆರಿಕಲ್: ಒಂದು ಹೋಲಿಕೆ

ಎಂಟು ವರ್ಷದ ಹಿಂದೆ 1970ರ ಶೆವರ್ಲೆ ಶೆವೆಲ್ ಮಾಲಿಬು ಒಂದನ್ನು ಮನೆಗೆ ತಂದೆ. ಮಸಲ್ ಕಾರು ಅಂದರೆ ಆ ಕಾಲದ, ದೊಡ್ಡ ಎಂಜಿನ್ ಇರುವ ಅಮೆರಿಕದ ಕಾರು. ನಾನಿರುವುದು ಮಿಶಿಗನ್‌ನಲ್ಲಿ, ಡೆಟ್ರಾಯ್ಟ್‌ನಿಂದ ಅರ್ಧ ಗಂಟೆ ದೂರ. ಇಲ್ಲಿ ಹಳೆ ಕಾರಿನ ಹುಚ್ಚು ಶೀತದ ಹಾಗೆ, ಪಕ್ಕದವರಿಂದ ಅಂಟುತ್ತದೆ. ಬಲಗಡೆ ಮನೆಯಲ್ಲಿ ಪಾಂಟಿಯಾಕ್ ಜಿಟಿಒ, ಎದುರುಗಡೆ ಫೋರ್ಡ್ ಮಸ್ಟಾಂಗ್. ಆಗಸ್ಟ್ ಬಂತೆಂದರೆ ವುಡ್‌ವರ್ಡ್ ರಸ್ತೆ ತುಂಬಾ ಇವೇ. ಎಷ್ಟು ದಿನ ಅಂತ ಸುಮ್ನೆ ನೋಡ್ತಾ ಕೂರೋದು?

ಕಾರು ನೋಡಲು ಚೆನ್ನಾಗಿತ್ತು. ಓಡಿಸಲು ಹೋದರೆ ಮಾತು ಕೇಳುತ್ತಿರಲಿಲ್ಲ. ಸ್ಟೀರಿಂಗ್ ನೇರ ಹಿಡಿದರೂ ಅದರ ದಾರಿ ಅದಕ್ಕೆ. ಬ್ರೇಕ್ ಒತ್ತಿದರೆ ಮೂತಿ ಬಲಕ್ಕೆ ತಿರುಗುತ್ತಿತ್ತು. ಸಣ್ಣ ಗುಂಡಿಗೂ ಕೆಳಗಿಂದ ದಡಕ್ ಅನ್ನುವ ಸದ್ದು. ನಮ್ಮೂರಾಗಿದ್ದರೆ ಗ್ಯಾರೇಜಿನ ಹುಡುಗ ಒಂದು ಸುತ್ತು ಹೊಡೆದು ಬಂದು ಹೇಳಿಬಿಡುತ್ತಿದ್ದ, 'ಬುಶ್ ಹೋಗಿದೆ ಸಾರ್.'

ನಿಜವೇ, ಹೋಗಿತ್ತು. ಬುಶ್ ಅಂದರೆ ಚಕ್ರ ಹಿಡಿದಿರುವ ಆರ್ಮ್ ಕಾರಿಗೆ ಸೇರುವ ಕೀಲಿನಲ್ಲಿ ಕೂರುವ ತುಂಡು. ಮುಂದಿನ ಕೆಳಗಿನ ಆರ್ಮ್ ಬಿಚ್ಚಿ ನೋಡಿದೆ. ಬೋಲ್ಟ್ ಹಾಯುವ ಕೊಳವೆ ನಟ್ಟನಡುವೆ ಇರಬೇಕಿತ್ತು. ಒಂದು ಅಂಚಿಗೆ ಹೋಗಿ ಕೂತಿತ್ತು. ಸುತ್ತಲಿನ ರಬ್ಬರ್ ಹಳೇ ಹುಣಸೆಹಣ್ಣಿನ ಹಾಗೆ ಕಪ್ಪಗೆ ಮುದ್ದೆಯಾಗಿ, ಒಂದು ಕಡೆ ಸೀಳಿತ್ತು. ಬೆರಳು ಹಾಕಿದರೆ ಪುಡಿ ಉದುರುತ್ತಿತ್ತು. ಸುಮಾರು 1,600 ಕಿಲೋ ತೂಗುವ ಕಾರು ಇದನ್ನು ನಂಬಿಕೊಂಡು ಓಡುತ್ತಿತ್ತು!

ಆಮೇಲೆ ಶುರುವಾಯಿತು ಪ್ರಶ್ನೆ, ಹೊಸದಾಗಿ ಯಾವುದು ಹಾಕಲಿ ಅಂತ. ಆಗ ನಾನು ಮಾಡಿದ ಆಯ್ಕೆ ತಪ್ಪಾಯಿತು. ಇಡೀ ಕಾರಿಗೆ ಒಂದೇ ವಸ್ತುವಿನ ಕೆಂಪು ಪಾಲಿಯುರೆಥೇನ್ ಕಿಟ್ ತರಿಸಿದೆ. ಎರಡು ವರ್ಷದ ಮೇಲೆ ಹೆಚ್ಚಿನದನ್ನೆಲ್ಲ ಕಿತ್ತು ಬಿಸಾಕಿದೆ. ಆ ಎರಡು ಸಲದ ಕೆಲಸದಲ್ಲಿ ಕಲಿತದ್ದು ಇದು.

ತಿರುಗಬೇಕಾ, ತಿರುಚಬೇಕಾ?

ಚಕ್ರ ಹಿಡಿದಿರುವ ಕಬ್ಬಿಣದ ಆರ್ಮ್, ಕಾರಿನ ಫ್ರೇಮಿಗೆ ಸೇರುವ ಕೀಲಿನಲ್ಲಿ ಬುಶ್ ಇರುತ್ತದೆ. ಒಳಗೊಂದು ಕೊಳವೆ, ಹೊರಗೊಂದು ಲೋಹದ ಚಿಪ್ಪು, ನಡುವೆ ಮೆತ್ತಗಿನದೋ ಗಟ್ಟಿಯದೋ ಒಂದು ವಸ್ತು. ನನ್ನ ಶೆವೆಲ್‌ನಲ್ಲಿ ಆರ್ಮ್‌ಗಳದ್ದೇ 16 ಬುಶ್. ಮುಂದೆ 8, ಹಿಂದೆ 8. ಸ್ವೇ ಬಾರ್ (ತಿರುವಿನಲ್ಲಿ ಕಾರು ಹೆಚ್ಚು ವಾಲದಂತೆ ತಡೆಯುವ ಕಂಬಿ) ಬುಶ್‌ಗಳು, ಬಾಡಿ ಮೌಂಟ್‌ಗಳು (ಫ್ರೇಮಿನ ಮೇಲೆ ಬಾಡಿ ಕೂರುವ ಮೆತ್ತೆಗಳು) ಬೇರೆ.

ಎಲ್ಲವೂ ಒಂದೇ ಥರ ಕಾಣುತ್ತವೆ, ಕೆಲಸ ಮಾತ್ರ ಬೇರೆ ಬೇರೆ. ಕೆಲವು ಬರೀ ತಿರುಗುತ್ತವೆ, ಬಾಗಿಲ ಕೀಲಿನ ಹಾಗೆ. ಕೆಲವು ತಿರುಗುವುದರ ಜೊತೆಗೆ ತಿರುಚಿಕೊಳ್ಳಲೂ ಬೇಕು. ಒದ್ದೆ ಟವೆಲ್ ಹಿಂಡುವಾಗ ಎರಡು ಕೈ ಎರಡು ಕಡೆ ಹೋಗುತ್ತವಲ್ಲ, ಹಾಗೆ. ಇನ್ನು ಕೆಲವಕ್ಕೆ ಒತ್ತಡ ತಡೆದುಕೊಂಡು ಕೂರುವುದೇ ಕೆಲಸ.

ಬುಶ್ ಕೊಳ್ಳುವ ಮುಂಚೆ ಒಂದೊಂದು ಜಾಗವನ್ನೂ ನೋಡಿ ಈ ಪ್ರಶ್ನೆ ಕೇಳಿಕೊಂಡಿದ್ದರೆ ನನ್ನ ದುಡ್ಡು ಉಳಿಯುತ್ತಿತ್ತು. ತಿರುಗುವ ಜಾಗಕ್ಕೆ ಗಟ್ಟಿ ವಸ್ತು ಹಾಕಬಹುದು. ತಿರುಚುವ ಜಾಗಕ್ಕೆ ಹಾಕಬಾರದು. ಮಾರುವವರು ಮಾತ್ರ 'ಸ್ಟ್ರೀಟ್', 'ಪರ್ಫಾರ್ಮೆನ್ಸ್', 'ರೇಸ್' ಅಂತ ಮೂರು ಡಬ್ಬಿ ಮಾಡಿ ಇಟ್ಟಿರುತ್ತಾರೆ. ಗಟ್ಟಿಯಾದಷ್ಟೂ ಒಳ್ಳೆಯದು ಅನ್ನುವ ಹಾಗೆ.

ರಬ್ಬರ್

ನಮ್ಮೂರು ಸುಳ್ಯದ ಕಡೆ. ಬೆಳಗಿನ ಜಾವ ಟ್ಯಾಪಿಂಗ್, ಗೆರಟೆಯಲ್ಲಿ ತೊಟ್ಟಿಕ್ಕುವ ಹಾಲು, ಆಸಿಡ್ ಹಾಕಿ ಹೆಪ್ಪುಗಟ್ಟಿಸಿ ಒತ್ತಿದ ಶೀಟು, ಹೊಗೆಗೂಡಿನ ಆ ಹುಳಿ ವಾಸನೆ. ಇವುಗಳ ನಡುವೆ ಬೆಳೆದವನು ರಬ್ಬರ್ ಬಿಟ್ಟು ಪಾಲಿ ಹಿಂದೆ ಹೋದೆ ಅಂತ ಅಪ್ಪ ಈಗಲೂ ರೇಗಿಸುತ್ತಾರೆ. 'ನಮ್ಮ ಶೀಟು ಬೇಡವಾಯ್ತಾ ಮಾರಾಯ?'

ಅಪ್ಪನ ಮಾತಲ್ಲಿ ಹುರುಳಿದೆ. ಹಸಿ ಶೀಟು ಎಳೆದರೆ ಹಿಗ್ಗುತ್ತದೆ, ಬಿಸಿಲಿಗೆ ಅಂಟಂಟಾಗುತ್ತದೆ. ಗಂಧಕ ಸೇರಿಸಿ ಕಾಯಿಸಿದರೆ ಅದೇ ರಬ್ಬರ್ ಹಿಗ್ಗಿ ತನ್ನ ಆಕಾರಕ್ಕೆ ಮರಳುತ್ತದೆ. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡದ್ದು ಇದನ್ನೇ. ಲಕ್ಷಗಟ್ಟಲೆ ಸಲ ಬಗ್ಗಿ ನೆಟ್ಟಗಾಗುವುದರಲ್ಲಿ ನೈಸರ್ಗಿಕ ರಬ್ಬರನ್ನು ಮೀರಿಸುವುದು ಇವತ್ತಿಗೂ ಕಷ್ಟ.

ರಬ್ಬರ್ ಬುಶ್ ಕೆಲಸ ಮಾಡುವ ರೀತಿಯನ್ನು ಬಹಳ ಜನ ತಪ್ಪು ತಿಳಿದಿರುತ್ತಾರೆ. ನಾನೂ ತಿಳಿದಿದ್ದೆ. ಅದರಲ್ಲಿ ಏನೂ ಜಾರುವುದಿಲ್ಲ. ರಬ್ಬರ್ ಒಳಗಿನ ಕೊಳವೆಯನ್ನೂ ಹೊರಗಿನ ಚಿಪ್ಪನ್ನೂ ಬಿಗಿಯಾಗಿ ಹಿಡಿದಿರುತ್ತದೆ. ಬೋಲ್ಟ್ ಬಿಗಿದಾಗ ಒಳಗಿನ ಕೊಳವೆ ಫ್ರೇಮಿಗೆ ಕಚ್ಚಿಕೊಳ್ಳುತ್ತದೆ. ಆರ್ಮ್ ಮೇಲೆ ಕೆಳಗೆ ಹೋದಾಗ ನಡುವಿನ ರಬ್ಬರ್ ತಿರುಚಿಕೊಂಡು ಆಡುತ್ತದೆ. ಹಾಗಾಗಿ ಗ್ರೀಸ್ ಬೇಡ, ಕಿರುಗುಟ್ಟುವುದಿಲ್ಲ, ಮರಳು ಧೂಳು ಒಳಗೆ ಹೋಗಲು ದಾರಿಯೇ ಇಲ್ಲ. ಬೇಕಾದ ದಿಕ್ಕಿಗೆಲ್ಲ ಅಷ್ಟಿಷ್ಟು ಬಗ್ಗುತ್ತದೆ. ಗುಂಡಿಯ ಏಟನ್ನು ತಾನೇ ನುಂಗುತ್ತದೆ.

ಕೊರತೆಯೂ ಅದೇ. ಬಗ್ಗಬಾರದ ಕಡೆಗೂ ಬಗ್ಗುತ್ತದೆ. ಜೋರಾಗಿ ಬ್ರೇಕ್ ಹಾಕಿದರೆ ಮುಂದಿನ ಕೆಳಗಿನ ಆರ್ಮ್ ತುಸು ಹಿಂದಕ್ಕೆ ಸರಿಯುತ್ತದೆ, ಅಲೈನ್‌ಮೆಂಟ್ (ಚಕ್ರಗಳು ನಿಲ್ಲುವ ಕೋನ) ಅಷ್ಟು ಹೊತ್ತು ಬದಲಾಗುತ್ತದೆ. ಅಗಲ ಟೈರ್ ಹಾಕಿ ತಿರುವಿಗೆ ನುಗ್ಗಿಸಿದರೆ ಸ್ಟೀರಿಂಗ್ ಕೇಳಿದ್ದು ಒಂದು, ಚಕ್ರ ಮಾಡಿದ್ದು ಇನ್ನೊಂದು ಅನಿಸುತ್ತದೆ. ಎಂಜಿನ್ ಆಯಿಲ್ ಸೋರಿದರೆ ಊದಿಕೊಳ್ಳುತ್ತದೆ. ಎಕ್ಸಾಸ್ಟ್ ಹತ್ತಿರದ್ದು ಬಿಸಿಗೆ ಗಟ್ಟಿಯಾಗುತ್ತದೆ. ಏನೂ ಮಾಡದೆ ಇಟ್ಟರೂ ಗಾಳಿಯಲ್ಲಿನ ಓಝೋನ್ ಬಿರುಕು ಬಿಡಿಸುತ್ತದೆ.

ಈ ಕಾರಣಕ್ಕೇ ಒಂದು ಎಚ್ಚರಿಕೆ. ಹಳೆ ಸ್ಟಾಕಿನ ಒರಿಜಿನಲ್ ಬುಶ್ ಅಂತ ಐವತ್ತು ವರ್ಷದ ಡಬ್ಬಿಗಳನ್ನು ಸ್ವಾಪ್ ಮೀಟ್ ಅನ್ನುವ ಹಳೆ ಬಿಡಿಭಾಗಗಳ ಸಂತೆಗಳಲ್ಲಿ ಮಾರುತ್ತಾರೆ. ಶೋ ಕಾರಿಗೆ ಇಟ್ಟುಕೊಳ್ಳಿ. ಓಡಿಸುವ ಕಾರಿಗೆ ಬೇಡ. ಡಬ್ಬಿಯಲ್ಲಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ.

ಇನ್ನೊಂದು ಮಾತು. ಹೆಚ್ಚಿನವರು ರಬ್ಬರನ್ನು ಬೈಯುವುದು ಸತ್ತ ರಬ್ಬರನ್ನು ನೋಡಿ. ಸೀಳಿ ಹೋದ 1970ರ ಬುಶ್ ತೆಗೆದು ಹೊಸ ಪಾಲಿ ಹಾಕಿದರೆ ಕಾರು ಸುಧಾರಿಸಿಯೇ ಸುಧಾರಿಸುತ್ತದೆ. ಹೊಸ ರಬ್ಬರ್ ಹಾಕಿದ್ದರೂ ಅದರಲ್ಲಿ ಮುಕ್ಕಾಲು ಪಾಲು ಸುಧಾರಣೆ ಸಿಗುತ್ತಿತ್ತು. ನನ್ನ ಲೆಕ್ಕಾಚಾರ ಕೈಕೊಟ್ಟದ್ದು ಇಲ್ಲೇ.

ಪಾಲಿಯುರೆಥೇನ್

ಪಾಲಿ ಅಂದರೆ ಸ್ಕೇಟ್‌ಬೋರ್ಡ್ ಚಕ್ರದ ವಸ್ತು. ಗಟ್ಟಿತನವನ್ನು ಶೋರ್ ಎ ಅನ್ನುವ ಅಳತೆಯಲ್ಲಿ ಹೇಳುತ್ತಾರೆ. ಮಾಮೂಲಿ ರಬ್ಬರ್ ಬುಶ್ 60ರ ಆಸುಪಾಸು ಇದ್ದರೆ, ಪಾಲಿ 80ರಿಂದ 95. ಎಣ್ಣೆಗೆ ಜಗ್ಗುವುದಿಲ್ಲ, ಓಝೋನ್‌ಗೆ ಬಿರುಕು ಬಿಡುವುದಿಲ್ಲ. ಬೆಲೆಯೂ ಕೈಗೆಟಕುವಂಥದ್ದು. ಪ್ರೆಸ್ (ಒತ್ತುವ ಯಂತ್ರ) ಇಲ್ಲದೆಯೇ ಮನೆಯಲ್ಲಿ ಕೈಯಿಂದ ಒತ್ತಿ ಹಾಕಬಹುದು. ಎನರ್ಜಿ ಸಸ್ಪೆನ್ಶನ್, ಪ್ರೊಥೇನ್ ಥರದ ಕಂಪನಿಗಳ ಕಿಟ್ ಎಲ್ಲ ಕಡೆ ಸಿಗುತ್ತದೆ. ಇಷ್ಟು ಕೇಳಿದರೆ ಯಾರಿಗಾದರೂ ಆಸೆಯಾಗುತ್ತದೆ.

ಆದರೆ ಪಾಲಿ ರಬ್ಬರಿನ ಹಾಗೆ ಅಂಟಿಕೊಂಡು ಬಗ್ಗುವುದಿಲ್ಲ. ಒಳಗಿನ ಕೊಳವೆಯ ಮೇಲೆ ಉಜ್ಜಿಕೊಂಡು ತಿರುಗುತ್ತದೆ. ಉಜ್ಜುವ ಕಡೆ ಗ್ರೀಸ್ ಬೇಕು. ಕಿಟ್ ಜೊತೆ ಬರುವ ಗ್ರೀಸ್ ಬೆಲ್ಲದ ಪಾಕದ ಹಾಗೆ ಅಂಟು, ಕೈಗೆ ಹತ್ತಿದರೆ ಎರಡು ದಿನ ಬಿಡುವುದಿಲ್ಲ. ಎತ್ತಿನ ಗಾಡಿ ಅಚ್ಚಿಗೆ ಕೀಲೆಣ್ಣೆ ಹಾಕುವ ಹಾಗೆ ಇದಕ್ಕೂ ಆಗಾಗ ಹಾಕುತ್ತಿರಬೇಕು. ಗ್ರೀಸ್ ನಿಪ್ಪಲ್ ಇಲ್ಲದ ಕಿಟ್ ಆದರೆ ಬಿಚ್ಚಿಯೇ ಹಾಕಬೇಕು. ಯಾರು ಬಿಚ್ಚುತ್ತಾರೆ?

ನಾನು ಬಿಚ್ಚಲಿಲ್ಲ. ಮರುವರ್ಷದ ಆಗಸ್ಟ್‌ನಲ್ಲಿ ವುಡ್‌ವರ್ಡ್ ಡ್ರೀಮ್ ಕ್ರೂಸ್‌ಗೆ ಹೋದೆವು. 1995ರಿಂದ ನಡೆಯುತ್ತಿರುವ ಜಾತ್ರೆ ಅದು. ತೇರು ಎಳೆದ ಹಾಗೆ ಕಾರುಗಳು ನಿಧಾನ ಸಾಗುತ್ತವೆ, ರಸ್ತೆಯ ಎರಡೂ ಬದಿ ಕುರ್ಚಿ ಹಾಕಿಕೊಂಡು ಜನ. ಎಂಜಿನ್ ಸದ್ದು ಕೇಳಲು ಬಂದವರ ಮುಂದೆ ನನ್ನ ಕಾರು ಪ್ರತಿ ಸಣ್ಣ ಉಬ್ಬಿಗೂ ಕಿರ್ರ್... ಕುಯ್ಯ್... ಅನ್ನುತ್ತಿತ್ತು. ಹೆಂಡತಿ ಮೈಸೂರಿನವಳು. 'ರೀ, ನಮ್ಮಜ್ಜಿ ಮನೆ ತೂಗುಮಂಚ ನೆನಪಾಗ್ತಿದೆ ಕಣ್ರೀ' ಅಂದಳು. ಮಾತಾಡದೆ ಸ್ಟೀರಿಂಗ್ ಹಿಡಿದುಕೊಂಡೆ.

ಸದ್ದಿಗಿಂತ ದೊಡ್ಡ ತೊಂದರೆ ಹಿಡಿತ. ಸ್ಪ್ರಿಂಗ್ ತೆಗೆದು, ಪಾಲಿ ಹಾಕಿದ ಆರ್ಮನ್ನು ಕೈಯಿಂದ ಮೇಲೆತ್ತಿ ಬಿಟ್ಟು ನೋಡಿ. ಎತ್ತಿದ ಕಡೆಯೇ ನಿಲ್ಲುತ್ತದೆ! ಗಾಳಿಯಲ್ಲಿ. ನಾನು ಅದನ್ನು ನೋಡಿ 'ಅಬ್ಬಾ, ಎಷ್ಟು ಬಿಗಿ' ಅಂತ ಹಿಗ್ಗಿದ್ದೆ. ಅದು ಒಳ್ಳೆಯ ಲಕ್ಷಣವೇ ಅಲ್ಲ. ಚಕ್ರ ಸಣ್ಣ ಉಬ್ಬಿಗೆ ಸಲೀಸಾಗಿ ಏರಿ ಇಳಿಯಬೇಕಾದರೆ ಮೊದಲು ಈ ಹಿಡಿತವನ್ನು ಬಿಡಿಸಿಕೊಳ್ಳಬೇಕು. ಶಾಕ್ ಅಬ್ಸಾರ್ಬರ್ ಚೆನ್ನಾಗಿದ್ದರೂ ಕಾರು ಕಟಕಟ ಕುಣಿಯುವುದು ಇದರಿಂದಲೇ. ಜನ ಶಾಕ್ ಬದಲಾಯಿಸುತ್ತಾರೆ, ಸ್ಪ್ರಿಂಗ್ ಬದಲಾಯಿಸುತ್ತಾರೆ, ಬುಶ್ ಮೇಲೆ ಅನುಮಾನವೇ ಬರುವುದಿಲ್ಲ.

ಗ್ರಾಫೈಟ್ ಸೇರಿಸಿದ ಕಪ್ಪು ಪಾಲಿ ಕೆಂಪಿಗಿಂತ ಕಡಿಮೆ ಕಿರುಗುಟ್ಟುತ್ತದೆ. ಪಾಲಿಯೇ ಬೇಕು ಅಂದರೆ ಕಪ್ಪು ತೆಗೆದುಕೊಳ್ಳಿ. ಕೆಂಪು ಕಾಣುವುದು ಕಾರಿನ ಕೆಳಗೆ ಮಲಗಿದವರಿಗೆ ಮಾತ್ರ.

ಕೊಳ್ಳುವ ಮುಂಚೆ ಇನ್ನೊಂದು ವಿಷಯ ನೋಡಿಕೊಳ್ಳಿ. ಈ ಕಾರುಗಳ ಬಹಳಷ್ಟು ಪಾಲಿ ಕಿಟ್‌ಗಳಲ್ಲಿ ಹೊರ ಚಿಪ್ಪು ಬರುವುದಿಲ್ಲ. ಹಳೆ ಬುಶ್‌ನ ರಬ್ಬರ್ ಮಾತ್ರ ತೆಗೆದು, ಅದರ ಚಿಪ್ಪಿನೊಳಗೇ ಪಾಲಿ ಕೂರಿಸಬೇಕು. ನಾನು ಆರ್ಮ್‌ಗಳನ್ನು ಒಂದು ಮಶೀನ್ ಶಾಪಿಗೆ ಕೊಟ್ಟಿದ್ದೆ. ಅವರು ಹಳೆ ಬುಶ್ ಚಿಪ್ಪಿನ ಸಮೇತ ಒತ್ತಿ ತೆಗೆದು ಕಸಕ್ಕೆ ಹಾಕಿ, ಆರ್ಮ್‌ಗಳನ್ನು ಫಳಫಳ ಮಾಡಿ ವಾಪಸ್ ಕೊಟ್ಟರು. ನಾನೂ ಹೇಳಿರಲಿಲ್ಲ, ಅವರೂ ಕೇಳಲಿಲ್ಲ. ಬರೀ ಚಿಪ್ಪಿಗಾಗಿ ಅಗ್ಗದ ಹೊಸ ರಬ್ಬರ್ ಬುಶ್ ಕೊಂಡು, ಅದರ ಹೊಸ ರಬ್ಬರ್ ಕಿತ್ತು ತೆಗೆದೆ. ಸುಳ್ಯದಲ್ಲಿ ಹುಟ್ಟಿದವನ ಕೈಯಲ್ಲಿ ಆಗಬಾರದ ಕೆಲಸ.

ಡೆಲ್ರಿನ್

ಇದು ಡುಪಾಂಟ್ ಕಂಪನಿ 1960ರಲ್ಲಿ ಮಾರುಕಟ್ಟೆಗೆ ತಂದ ಪ್ಲಾಸ್ಟಿಕ್. ಅಸಿಟಾಲ್ ಜಾತಿಯದು. ಗಿಟಾರ್ ಮೀಟುವ ಪಿಕ್‌ಗಳನ್ನೂ ಇದರಲ್ಲಿ ಮಾಡುತ್ತಾರೆ. ಉಗುರಲ್ಲಿ ಒತ್ತಿದರೆ ಗುರುತು ಬೀಳುವುದಿಲ್ಲ. ಗಟ್ಟಿತನ ಶೋರ್ ಎ ಅಳತೆಗೆ ಸಿಗುವುದಿಲ್ಲ, ಶೋರ್ ಡಿ ಅನ್ನುವ ಬೇರೆ ಅಳತೆ ಬೇಕು. ಜೊತೆಗೆ ತಾನಾಗಿಯೇ ಜಾರುವ ಗುಣ.

ಪಾಲಿಗಿಂತ ಗಟ್ಟಿ ಅಂದ ಮೇಲೆ ಪಾಲಿಗಿಂತ ಒರಟು ಅಂತಲೇ ನಾನು ಅಂದುಕೊಂಡಿದ್ದೆ. ಮುಂದಿನ ಆರ್ಮ್‌ಗಳಲ್ಲಿ ಅದು ಉಲ್ಟಾ. ಡೆಲ್ರಿನ್ ಮತ್ತು ಅಲ್ಯುಮಿನಿಯಂ ಸೇರಿಸಿ ಮಾಡಿದ ಬುಶ್ ಹಾಕಿ ಅದೇ ಪರೀಕ್ಷೆ ಮಾಡಿದೆ. ಆರ್ಮ್ ಎತ್ತಿ ಬಿಟ್ಟೆ. ತನ್ನ ಭಾರಕ್ಕೆ ತಾನೇ ಧೊಪ್ಪನೆ ಬಿತ್ತು. ಅಂದರೆ ತಿರುಗುವುದಕ್ಕೆ ಅಡ್ಡಿಯೇ ಇಲ್ಲ. ಸ್ಪ್ರಿಂಗ್ ಮತ್ತು ಶಾಕ್‌ನ ಕೆಲಸವನ್ನು ಅವೇ ಮಾಡಿಕೊಳ್ಳುತ್ತವೆ, ಬುಶ್ ನಡುವೆ ಮೂಗು ತೂರಿಸುವುದಿಲ್ಲ. ಪಾಲಿ ಇದ್ದಾಗಿಗಿಂತ ಕಾರು ಮೃದುವಾಗಿ ಓಡಿತು. ಬ್ರೇಕ್ ಹಾಕಿದರೆ ಮೂತಿ ನೇರ. ಒಮ್ಮೆ ಕೊಟ್ಟ ಅಲೈನ್‌ಮೆಂಟ್ ಹಾಗೇ ನಿಲ್ಲುತ್ತದೆ.

ಇದು ಮುಂದೆ ಹೊಂದುವುದಕ್ಕೆ ಕಾರಣವಿದೆ. ಶೆವೆಲ್‌ನ ಮುಂದಿನ ಒಂದೊಂದು ಆರ್ಮ್‌ಗೂ ಎರಡು ಬುಶ್, ಎರಡೂ ಒಂದೇ ಗೆರೆಯಲ್ಲಿ. ಬಾಗಿಲಿಗೆ ಮೇಲೊಂದು ಕೆಳಗೊಂದು ಕೀಲು ಇದ್ದ ಹಾಗೆ. ಬರೀ ತಿರುಗುವ ಕೆಲಸ. ಬೇರೆ ಎಲ್ಲ ದಿಕ್ಕಿನ ಓಲಾಟವನ್ನು ಚಕ್ರದ ಕಡೆ ತುದಿಯ ಬಾಲ್ ಜಾಯಿಂಟ್ (ಗುಂಡಿನ ಕೀಲು) ನೋಡಿಕೊಳ್ಳುತ್ತದೆ.

ಕೊರತೆ? ರಸ್ತೆಯ ಸಣ್ಣ ಸದ್ದು, ಟೈರ್‌ನ ಗುಂಯ್‌ಗುಡುವಿಕೆ ಸ್ವಲ್ಪ ಜಾಸ್ತಿ ಒಳಗೆ ಕೇಳುತ್ತದೆ. ಬೆಲೆ ರಬ್ಬರಿನ ಹಲವು ಪಟ್ಟು. ಆರ್ಮ್‌ನ ತೂತು ಗುಂಡಗಿರಬೇಕು, ತುಕ್ಕು ತಿಂದಿದ್ದರೆ ಅಥವಾ ಹಿಂದೆ ಯಾರೋ ಸುತ್ತಿಗೆಯಲ್ಲಿ ಬಡಿದಿದ್ದರೆ ಕೂರುವುದಿಲ್ಲ. ರಬ್ಬರ್ ಇಂಥ ಸಣ್ಣ ಡೊಂಕನ್ನು ಮನ್ನಿಸುತ್ತದೆ. ಡೆಲ್ರಿನ್ ಮನ್ನಿಸುವುದಿಲ್ಲ.

ಸ್ಫೆರಿಕಲ್ ಜಾಯಿಂಟ್

ಲೋಹದ ಬಟ್ಟಲಿನೊಳಗೆ ಲೋಹದ ಗುಂಡು. ಯಾವ ಕಡೆಗಾದರೂ ತಿರುಗುತ್ತದೆ, ತಿರುಚಿದರೂ ಅಡ್ಡಿಯಿಲ್ಲ, ಆದರೆ ಒಂದು ಕೂದಲೆಳೆಯಷ್ಟೂ ಅತ್ತಿತ್ತ ಜರುಗುವುದಿಲ್ಲ. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯದಿಲ್ಲ. ರಸ್ತೆಯಲ್ಲಿ ಧೂಳು, ನೀರು, ಇಲ್ಲಿನ ಚಳಿಗಾಲದ ಉಪ್ಪು ಸೇರಿ ಸವೆಯುತ್ತದೆ. ಸವೆದ ಮೇಲೆ ಟಕ್ ಟಕ್ ಶುರು. ಅದೂ ಅಲ್ಲದೆ ಪ್ರತಿ ಕಲ್ಲಿನ ಸುದ್ದಿಯನ್ನೂ ನೇರ ನಿಮ್ಮ ಸೊಂಟಕ್ಕೆ ತಲುಪಿಸುತ್ತದೆ.

ನಡುವಿನ ದಾರಿ ಒಂದಿದೆ. ಗುಂಡನ್ನು ಡೆಲ್ರಿನ್ ಅಥವಾ ಪಾಲಿ ಬಟ್ಟಲಲ್ಲಿ ಕೂರಿಸಿ, ಗ್ರೀಸ್ ನಿಪ್ಪಲ್ ಕೊಟ್ಟ ಜಾಯಿಂಟ್‌ಗಳು. ಕರಿ (Currie) ಅನ್ನುವ ಕಂಪನಿಯ ಜಾನಿ ಜಾಯಿಂಟ್, ಯುಎಂಐ ಕಂಪನಿಯ ರೋಟೊ ಜಾಯಿಂಟ್ ಈ ಜಾತಿಯವು. ಸವೆದರೆ ಬಿಚ್ಚಿ ಬಟ್ಟಲು ಬದಲಾಯಿಸಬಹುದು. ರಸ್ತೆ ಕಾರಿಗೂ ಇವನ್ನು ಹಾಕಬಹುದು. ಇವುಗಳ ಮಹತ್ವ ತಿಳಿಯುವುದು ಮುಂದಿನ ಭಾಗ ಓದಿದ ಮೇಲೆ.

ಹಿಂಬದಿ: ಅಸಲಿ ಸಮಸ್ಯೆ ಇಲ್ಲಿದೆ

1964ರಿಂದ 72ರ ತನಕದ ಶೆವೆಲ್, ಜಿಟಿಒ, ಓಲ್ಡ್ಸ್‌ಮೊಬೀಲ್ 442, ಬ್ಯೂಕ್ ಗ್ರಾನ್ ಸ್ಪೋರ್ಟ್ ಎಲ್ಲಕ್ಕೂ ಹಿಂದೆ ಒಂದೇ ವಿನ್ಯಾಸ. ಕಾಯಿಲ್ ಸ್ಪ್ರಿಂಗ್, ನಾಲ್ಕು ಆರ್ಮ್. ಕೆಳಗಿನ ಎರಡು ಹೆಚ್ಚುಕಡಿಮೆ ನೇರ. ಮೇಲಿನ ಎರಡು ಗಿಡ್ಡ, ಓರೆ. ಮೇಲಿಂದ ನೋಡಿದರೆ ಬಾಯಿ ತೆರೆದ ಇಕ್ಕಳದ ಹಾಗೆ: ಮುಂದಿನ ತುದಿಗಳು ದೂರ, ಹಿಂದಿನ ತುದಿಗಳು ಡಿಫರೆನ್ಶಿಯಲ್‌ನ (ಹಿಂದಿನ ಆಕ್ಸಲ್ ನಡುವಿನ ಗೇರ್ ಗುಂಡು) ಎರಡು ಕಿವಿಗಳ ಬಳಿ ಹತ್ತಿರ.

ಈ ಓರೆ ಆರ್ಮ್‌ಗಳಿಗೆ ಎರಡು ಕೆಲಸ. ಆಕ್ಸಲ್ ಉರುಳದ ಹಾಗೆ ಹಿಡಿಯುವುದು ಒಂದು, ಅದು ಎಡಬಲಕ್ಕೆ ಜರುಗದ ಹಾಗೆ ತಡೆಯುವುದು ಇನ್ನೊಂದು. ಪ್ರತ್ಯೇಕ ಅಡ್ಡ ಕಂಬಿ ಇಲ್ಲ. ಕಂಪನಿಗೆ ಅಗ್ಗವಾಯಿತು, ಚೊಕ್ಕವಾಯಿತು. ಆದರೆ ಕಾರು ತಿರುವಿನಲ್ಲಿ ಒಂದು ಕಡೆ ವಾಲಿದಾಗ ನಾಲ್ಕು ಆರ್ಮ್‌ಗಳೂ ಬೇರೆ ಬೇರೆ ಕಮಾನಿನಲ್ಲಿ ಓಡಾಡಲು ನೋಡುತ್ತವೆ. ಒಂದರ ದಾರಿ ಇನ್ನೊಂದಕ್ಕೆ ಆಗುವುದಿಲ್ಲ. ಎಂಜಿನಿಯರ್‌ಗಳಿಗೆ ಇದು ಗೊತ್ತಿತ್ತು. ಆ ಜಗಳವನ್ನು ಬಿಡಿಸಲೆಂದೇ ಮೆತ್ತಗಿನ ರಬ್ಬರ್ ಇಟ್ಟರು. ಹಿಂದಿನ 8 ಬುಶ್‌ಗಳು ಬರೀ ತಿರುಗುವ ಬುಶ್‌ಗಳಲ್ಲ, ತಿರುಚುವ ಬುಶ್‌ಗಳು.

ಎಂಟಕ್ಕೂ ಪಾಲಿ ಹಾಕಿದರೆ ಏನಾಗುತ್ತದೆ ಅಂತ ನನಗೆ ತೋರಿಸಿದ್ದು ಒಂದು ಹೈವೇ ರ‍್ಯಾಂಪ್. ವೃತ್ತಾಕಾರದ ದಾರಿ, ತುಸು ಒದ್ದೆ. ಕಾರು ಬಲಕ್ಕೆ ತಿರುಗಿಕೊಂಡೇ ಹೋಗುತ್ತಿತ್ತು. ವಾಲುತ್ತಾ ಬಂತು, ಒಂದು ಹಂತದಲ್ಲಿ ವಾಲುವುದು ನಿಂತಿತು. ಹಿಂಬದಿ ಕಲ್ಲಾದ ಹಾಗೆ. ನಡುವೆ ರಸ್ತೆಯ ಒಂದು ಜೋಡು ಸಿಕ್ಕಿತು. ಹಿಂದಿನ ಟೈರ್ ಹಿಡಿತ ಬಿಟ್ಟು ಸರ್ ಅಂತ ಹೊರಗೆ ಜಾರಿತು. ವೇಗ ಕಡಿಮೆ ಇತ್ತು, ಸ್ಟೀರಿಂಗ್ ತಿರುಗಿಸಿ ಹಿಡಿದೆ. ಎದೆ ಮಾತ್ರ ಮನೆ ಮುಟ್ಟುವ ತನಕ ಹೊಡೆದುಕೊಳ್ಳುತ್ತಿತ್ತು.

ಆದದ್ದು ಇಷ್ಟೇ. ತಿರುಚಲು ಜಾಗ ಸಿಗದೆ ನಾಲ್ಕು ಆರ್ಮ್‌ಗಳು ಒಂದನ್ನೊಂದು ಬಿಗಿಹಿಡಿದವು. ಇಡೀ ಹಿಂದಿನ ಆಕ್ಸಲ್ಲೇ ದೊಡ್ಡ ಸ್ವೇ ಬಾರ್ ಆಗಿಬಿಟ್ಟಿತು. ಅಂಥ ಹೊತ್ತಿಗೆ ಟೈರ್ ಎಚ್ಚರಿಕೆ ಕೊಡದೆ ಕೈಬಿಡುತ್ತದೆ. ಹೀಗೆ ವರ್ಷಗಟ್ಟಲೆ ಓಡಿಸಿದ ಕಾರುಗಳಲ್ಲಿ ಮೇಲಿನ ಆರ್ಮ್ ಸೇರುವ ಜಾಗದ ತಗಡು ಬಿರುಕು ಬಿಡುವುದೂ ಉಂಟು.

ಆ ಚಳಿಗಾಲ ಹಿಂದಿನ ಪಾಲಿ ಎಲ್ಲ ತೆಗೆದೆ. ಮೇಲಿನ ನಾಲ್ಕಕ್ಕೂ ರಬ್ಬರ್. ಅಂದರೆ ಆರ್ಮ್‌ಗಳ ಮುಂದಿನ ತುದಿಗೆ ಎರಡು, ಆಕ್ಸಲ್‌ನ ಕಿವಿಗಳಿಗೆ ಎರಡು. ಕೆಳಗಿನ ಆರ್ಮ್‌ಗಳನ್ನು ಪೆಟ್ಟಿಗೆಯ ಹಾಗೆ ನಾಲ್ಕೂ ಬದಿ ಮುಚ್ಚಿದ ಗಟ್ಟಿ ಆರ್ಮ್‌ಗೆ ಬದಲಾಯಿಸಿ, ಒಂದು ತುದಿಗೆ ರೋಟೊ ಥರದ ಜಾಯಿಂಟ್, ಇನ್ನೊಂದು ತುದಿಗೆ ಕಪ್ಪು ಪಾಲಿ. ಒಂದು ತುದಿ ಎಲ್ಲ ಕಡೆ ತಿರುಗಿದರೆ ಸಾಕು, ತಿರುಚುವ ಕೆಲಸ ಅಲ್ಲೇ ಮುಗಿಯುತ್ತದೆ. ಅದೇ ರ‍್ಯಾಂಪ್‌ನಲ್ಲಿ ಈಗ ಕಾರು ಕೊನೆಯ ತನಕ ಒಂದೇ ಸಮನೆ ವಾಲುತ್ತದೆ.

ಆಕ್ಸಲ್ ಕಿವಿಯ ಬುಶ್‌ಗಳನ್ನು ಜನ ಸಾಮಾನ್ಯವಾಗಿ ಮುಟ್ಟುವುದಿಲ್ಲ. ಆಕ್ಸಲ್ ಕೆಳಗಿಳಿಸದೆ ತೆಗೆಯುವುದು ಕಷ್ಟ, ಅದಕ್ಕೇ ಬೇರೆ ಸಾಧನ ಬೇಕು. ಆದರೆ ಉಳಿದ 14 ಹೊಸದಾಗಿ, ಈ ಎರಡು ಹಳೆಯವೇ ಉಳಿದರೆ ಹಿಂಬದಿ ಬಾಲ ಆಡಿಸುವುದು ನಿಲ್ಲುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ವಿನಾಯಿತಿ. ಕ್ವಾರ್ಟರ್ ಮೈಲಿನ ಡ್ರ್ಯಾಗ್ ಓಟಕ್ಕೆ ಮಾತ್ರ ಕಾರು ಇಟ್ಟವರು ಹಿಂದೆ ಪಾಲಿ ಹಾಕುವುದನ್ನು ನಾನು ತಪ್ಪೆನ್ನಲಾರೆ. ಅವರಿಗೆ ತಿರುವೇ ಇಲ್ಲ. ಆಕ್ಸಿಲರೇಟರ್ ಒತ್ತಿದ ಕೂಡಲೇ ಆಕ್ಸಲ್ ಹೊರಳದೆ ಟೈರ್ ನೆಲ ಕಚ್ಚಿದರೆ ಸಾಕು.

ಒತ್ತಡ ತಡೆಯುವ ಜಾಗಗಳು

ಸ್ವೇ ಬಾರ್‌ಗೆ ಕಣ್ಣುಮುಚ್ಚಿ ಪಾಲಿ ಹಾಕಿ. ಮುಂದಿನ ಎರಡು ಫ್ರೇಮ್ ಬುಶ್, ಬಾರ್ ತುದಿಯನ್ನು ಆರ್ಮ್‌ಗೆ ಜೋಡಿಸುವ ಎರಡು ಎಂಡ್ ಲಿಂಕ್. ಒಂದು ಶನಿವಾರ ಬೆಳಗ್ಗೆ ಕಾಫಿ ಮುಗಿಸಿ ಕೂತರೆ ಊಟದ ಹೊತ್ತಿಗೆ ಕೆಲಸ ಮುಗಿಯುತ್ತದೆ. ಕೊಟ್ಟ ದುಡ್ಡಿಗೆ ಇಷ್ಟು ಬದಲಾವಣೆ ಬೇರೆಲ್ಲೂ ಸಿಗುವುದಿಲ್ಲ. ಬಾರ್ ಹಿಡಿಯುವ ಒಳಮೈಗೆ ಗ್ರೀಸ್ ಮರೆಯಬೇಡಿ.

ಬಾಡಿ ಮೌಂಟ್‌ಗೆ ಪಾಲಿ ನಡೆಯುತ್ತದೆ, ಸದ್ದು ತುಸು ಜಾಸ್ತಿ. ನಾನು ರಬ್ಬರೇ ಹಾಕಿದ್ದೇನೆ. ಎಂಜಿನ್ ಮೌಂಟ್‌ಗೆ ಪಾಲಿ ಹಾಕಿದ ಗೆಳೆಯನ ಕಾರಲ್ಲಿ ಸಿಗ್ನಲ್‌ನಲ್ಲಿ ನಿಂತರೆ ಕನ್ನಡಿಯಲ್ಲಿ ಹಿಂದಿನ ಕಾರು ಎರಡೆರಡು ಕಾಣುತ್ತದೆ.

ಮಸ್ಟಾಂಗ್, ಕಮಾರೊ, ಡಾಜ್ ಇದ್ದವರಿಗೆ

ಹಳೆ ಮಸ್ಟಾಂಗ್‌ನ ಮುಂದೆ ಕೆಳಗಿನ ಆರ್ಮ್‌ಗೆ ಒಂದೇ ಬುಶ್. ಅದು ಹಿಂದೆ ಮುಂದೆ ಹೋಗದಂತೆ ಹಿಡಿಯಲು ಸ್ಟ್ರಟ್ ರಾಡ್ ಅನ್ನುವ ಕಂಬಿ. ಆ ಕಂಬಿಯ ತುದಿ ಕಮಾನಿನಲ್ಲಿ ಓಲಾಡಬೇಕು. ಅಲ್ಲಿ ಗಟ್ಟಿ ಪಾಲಿ ಹಾಕಿದರೆ ಕಂಬಿ ತಿರುಪಿನ ಮರೆಯ (ಥ್ರೆಡ್) ಹತ್ತಿರ ಬಗ್ಗಿ ಬಗ್ಗಿ ಒಂದು ದಿನ ಮುರಿಯುತ್ತದೆ. ಅದು ಮುರಿಯುವುದು ಸಾಮಾನ್ಯವಾಗಿ ಬ್ರೇಕ್ ಹಾಕಿದಾಗ. ಅಲ್ಲಿ ರಬ್ಬರ್ ಹಾಕಿ, ಇಲ್ಲವೇ ಸ್ಫೆರಿಕಲ್ ತುದಿಯ ಕಂಬಿ ಹಾಕಿ. ಪಾಲಿ ಬೇಡವೇ ಬೇಡ.

ಆ ಕಾಲದ ಡಾಜ್, ಪ್ಲಿಮತ್‌ಗಳಲ್ಲೂ ಸ್ಟ್ರಟ್ ರಾಡ್ ಇದೆ, ಕಾಯಿಲ್ ಸ್ಪ್ರಿಂಗ್ ಬದಲು ಟಾರ್ಶನ್ ಬಾರ್, ಅಂದರೆ ತಿರುಚಿಕೊಂಡು ಸ್ಪ್ರಿಂಗ್ ಕೆಲಸ ಮಾಡುವ ಕಂಬಿ. ಕೆಳಗಿನ ಆರ್ಮ್‌ಗೆ ಪಾಲಿ ಹಾಕಿದರೆ ರಬ್ಬರಿನ ಹಾಗೆ ಅಂಟಿ ಹಿಡಿಯುವುದಿಲ್ಲ. ಆರ್ಮನ್ನು ಜಾಗದಲ್ಲಿ ಇಡುವ ಭಾರ ಪೂರ್ತಿ ಸ್ಟ್ರಟ್ ರಾಡ್ ಮೇಲೆ ಬೀಳುತ್ತದೆ. ಅದರ ಉದ್ದ ಸರಿಯಿರಬೇಕು.

1967ರಿಂದ 69ರ ಕಮಾರೊ ಮುಂದೆ ಶೆವೆಲ್‌ನ ತಮ್ಮನೇ. ಹಿಂದೆ ಮಾತ್ರ ಲಾರಿಗಳಲ್ಲಿರುವಂಥ ಲೀಫ್ ಸ್ಪ್ರಿಂಗ್. ಅದು ಕಾರು ವಾಲಿದಾಗ ತಿರುಚಿಕೊಳ್ಳುತ್ತದೆ, ಹಾಗಾಗಿ ಅದರ ಮುಂದಿನ ತುದಿಯ ಕಣ್ಣಿಗೆ (ಬುಶ್ ಕೂರುವ ಸುರುಳಿ) ನಾನಾದರೆ ರಬ್ಬರ್ ಇಡುತ್ತೇನೆ.

ಹಾಗಾದರೆ ಯಾರಿಗೆ ಯಾವುದು

ಭಾನುವಾರ ಐಸ್‌ಕ್ರೀಮ್ ತಿನ್ನಲು, ವರ್ಷಕ್ಕೆರಡು ಶೋಗೆ ಹೋಗಲು ಕಾರು ಇಟ್ಟಿದ್ದೀರಾ? 16ಕ್ಕೂ ಒಳ್ಳೆಯ ಹೊಸ ರಬ್ಬರ್, ಸ್ವೇ ಬಾರ್‌ಗೆ ಪಾಲಿ. ಮುಂದಿನ ಹದಿನೈದಿಪ್ಪತ್ತು ವರ್ಷ ಆ ಕಡೆ ತಲೆ ಹಾಕಬೇಕಿಲ್ಲ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ನನ್ನನ್ನು ಕೇಳುವ ಹತ್ತರಲ್ಲಿ ಎಂಟು ಜನಕ್ಕೆ ಹೇಳುವುದು ಇದನ್ನೇ.

ಅಂಕುಡೊಂಕು ರಸ್ತೆ ಇಷ್ಟ, ಅಗಲ ರೇಡಿಯಲ್ ಟೈರ್ ಇದೆ, ಡಿಸ್ಕ್ ಬ್ರೇಕ್ ಹಾಕಿಸಿದ್ದೀರಿ ಅಂದರೆ ಮುಂದೆ ಡೆಲ್ರಿನ್, ಹಿಂದೆ ಮೇಲೆ ರಬ್ಬರ್, ಕೆಳಗೆ ನನ್ನ ಹಾಗೆ ಮಿಶ್ರ. ದುಡ್ಡು ಎರಡು ಕಂತಿನಲ್ಲಿ ಖರ್ಚು ಮಾಡುವುದಾದರೆ ಮುಂದಿನದು ಮೊದಲು.

ಆಟೊಕ್ರಾಸ್ (ಕೋನ್‌ಗಳ ನಡುವಿನ ಓಟ), ಟ್ರ್ಯಾಕ್ ಅಂತ ಹೋಗುವವರು ಹಿಂದಿನ ನಾಲ್ಕೂ ಆರ್ಮ್‌ಗೆ ರೋಟೊ ಥರದ್ದು ಹಾಕಿಕೊಳ್ಳಿ. ಪೂರ್ತಿ ಲೋಹದ ಸ್ಫೆರಿಕಲ್ ಟ್ರೇಲರ್ ಮೇಲೆ ಕಾರು ಸಾಗಿಸುವವರಿಗೆ.

ಮುಂದಿನ ಆರ್ಮ್‌ಗಳಿಗೆ ಪಾಲಿ ಯಾರಿಗೆ ಅಂತ ಕೇಳಬಹುದು. ಪ್ರೆಸ್ ಇಲ್ಲ, ಡೆಲ್ರಿನ್‌ಗೆ ದುಡ್ಡಿಲ್ಲ, ರಬ್ಬರ್ ಸಾಲದು, ವರ್ಷಕ್ಕೊಮ್ಮೆ ಗ್ರೀಸ್ ಹಾಕಲು ಬೇಸರವಿಲ್ಲ. ಇಷ್ಟೂ ಸೇರಿದ ಮನುಷ್ಯ ನನಗೆ ಇನ್ನೂ ಸಿಕ್ಕಿಲ್ಲ.

ಹಾಕುವಾಗ

ಮೊದಲು ಜೀವ. ಮುಂದಿನ ಕಾಯಿಲ್ ಸ್ಪ್ರಿಂಗ್ ಒತ್ತಿಹೋದ ಸ್ಥಿತಿಯಲ್ಲಿರುತ್ತದೆ. ಬಾಲ್ ಜಾಯಿಂಟ್ ಬಿಡಿಸುವ ಮುಂಚೆ ಸ್ಪ್ರಿಂಗ್ ಕಂಪ್ರೆಸರ್ ಹಾಕಿ, ಆರ್ಮ್ ಕೆಳಗೆ ಜ್ಯಾಕ್ ಇಡಿ, ಸ್ಪ್ರಿಂಗನ್ನು ಚೈನಿನಿಂದ ಫ್ರೇಮಿಗೆ ಕಟ್ಟಿ. ಅದು ಹಾರಿದರೆ ಗೋಡೆಯೂ ತಡೆಯುವುದಿಲ್ಲ.

ಹಳೆ ರಬ್ಬರನ್ನು ಬೆಂಕಿ ಹಚ್ಚಿ ತೆಗೆಯುವವರಿದ್ದಾರೆ. ಹೊಗೆ ಕೆಟ್ಟದ್ದು, ನೆರೆಮನೆಯವರು ಇನ್ನೂ ಕೆಟ್ಟವರಾಗುತ್ತಾರೆ. ಸುತ್ತ ಡ್ರಿಲ್ ಹೊಡೆದರೆ ರಬ್ಬರ್ ಬಿಟ್ಟುಕೊಳ್ಳುತ್ತದೆ. ಚಿಪ್ಪು ಒತ್ತುವಾಗ ಆರ್ಮ್‌ನ ಎರಡು ಕಿವಿಗಳ ನಡುವೆ ಅಳತೆಗೆ ಕತ್ತರಿಸಿದ ಪೈಪಿನ ತುಂಡು ಇಡಿ. ಇಲ್ಲದಿದ್ದರೆ ಪ್ರೆಸ್‌ಗೆ ಆರ್ಮ್ ಅಪ್ಪಚ್ಚಿಯಾಗುತ್ತದೆ. ಹೊಸ ಬುಶ್ ರಾತ್ರಿಯೆಲ್ಲ ಫ್ರೀಜರ್‌ನಲ್ಲಿಟ್ಟರೆ ಸಲೀಸಾಗಿ ಕೂರುತ್ತದೆ. ಬಟಾಣಿ ಪ್ಯಾಕೆಟ್ ಪಕ್ಕ ಇಟ್ಟು ಬೈಸಿಕೊಂಡಿದ್ದೇನೆ, ಡಬ್ಬಿಯಲ್ಲಿ ಹಾಕಿಡಿ. ಆರ್ಡರ್ ಮಾಡುವ ಮುಂಚೆ ಕೆಳಗಿನ ಆರ್ಮ್‌ನ ತೂತು ನೋಡಿ. ಜಿಎಂ (ಜನರಲ್ ಮೋಟರ್ಸ್) ಕಾರುಗಳಲ್ಲಿ ಕೆಲವಕ್ಕೆ ಗುಂಡು ಬುಶ್, ಕೆಲವಕ್ಕೆ ಮೊಟ್ಟೆಯಾಕಾರದ್ದು.

ರಬ್ಬರ್ ಹಾಕಿದವರು ಇದೊಂದನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಿ: ಕಾರು ಎತ್ತಿದ್ದಾಗ ಬೋಲ್ಟ್ ಪೂರ್ತಿ ಬಿಗಿಯಬಾರದು. ಚಕ್ರ ಜೋತುಬಿದ್ದಿರುವಾಗ ಬಿಗಿದರೆ ರಬ್ಬರ್ ಆ ಸ್ಥಿತಿಯನ್ನೇ ತನ್ನ ಮನೆ ಅಂದುಕೊಳ್ಳುತ್ತದೆ. ಕಾರು ನೆಲಕ್ಕಿಳಿದ ಮೇಲೆ ದಿನವಿಡೀ ತಿರುಚಿಕೊಂಡೇ ನಿಂತಿರುತ್ತದೆ, ಬೇಗ ಸೀಳುತ್ತದೆ. ಸಡಿಲ ಬಿಟ್ಟು, ಕಾರನ್ನು ಕೆಳಗಿಳಿಸಿ, ಮುಂದೆ ಹಿಂದೆ ಸ್ವಲ್ಪ ಉರುಳಿಸಿ, ಬಂಪರ್ ಮೇಲೆ ನಾಲ್ಕು ಸಲ ಒತ್ತಿ, ಆಮೇಲೆ ಬಿಗಿಯಿರಿ. ಹೊಸ ರಬ್ಬರ್ ಎರಡೇ ವರ್ಷಕ್ಕೆ ಹೋಯ್ತು ಅನ್ನುವವರಲ್ಲಿ ಬಹಳ ಜನ ಇಲ್ಲೇ ಎಡವಿರುತ್ತಾರೆ. ಪಾಲಿಗೆ, ಡೆಲ್ರಿನ್‌ಗೆ ಈ ಗೊಡವೆ ಇಲ್ಲ.

ಕೊನೆಗೆ ಅಲೈನ್‌ಮೆಂಟ್. ಅಂಗಡಿಯವರು ಕಂಪ್ಯೂಟರ್‌ನಲ್ಲಿ 1970 ಅಂತ ಒತ್ತಿದರೆ ಆ ಕಾಲದ ಬಯಸ್ ಪ್ಲೈ ಟೈರ್‌ಗಳ ಲೆಕ್ಕ ಬರುತ್ತದೆ, ಕ್ಯಾಸ್ಟರ್ (ಚಕ್ರ ಎಡಬಲ ತಿರುಗುವ ಅಕ್ಷದ ಓರೆ) ಸೊನ್ನೆಯ ಹತ್ತಿರ. ಈಗಿನ ರೇಡಿಯಲ್‌ಗೆ ಅದು ಸಾಲದು. ಶಿಮ್‌ಗಳು (ಆರ್ಮ್ ಜೋಡಣೆಯಲ್ಲಿ ತೂರಿಸುವ ತೆಳು ತಗಡುಗಳು) ಬಿಟ್ಟುಕೊಟ್ಟಷ್ಟು ಪಾಸಿಟಿವ್ ಕ್ಯಾಸ್ಟರ್ ಕೇಳಿ, 3 ಡಿಗ್ರಿ ಸಿಕ್ಕರೆ ಒಳ್ಳೆಯದು. ಚೀಟಿಯಲ್ಲಿ ಬರೆದು ಕೈಗೆ ಕೊಡಿ. ಬಾಯಲ್ಲಿ ಹೇಳಿದ್ದು ನನ್ನ ಕಾರಿನ ವಿಷಯದಲ್ಲಿ ಎರಡು ಸಲವೂ ಮರೆತುಹೋಗಿತ್ತು.